ಯುಮೆರ್ ಕೊಡಬೇಕಿದ್ದ ಅಲಾಲ್

ನನ್ನ ಗಂಡ ಪ್ರೊದಾನ್ ಅವರಿಗೆ ಪದಗಳೆಂದರೆ ಪ್ರಾಣ. ಬಾಯಿಬಿಟ್ಟು ಹೇಳಲೇಬೇಕಾದ ಮಾತು ಮಾತ್ರ ಆ ಬಾಯಿಂದ ಹೊರಡುವುದಿಲ್ಲ. ಇಷ್ಟು ವರ್ಷ ಸಂಸಾರ ಮಾಡಿದ ಮೇಲೆ ಇದನ್ನು ಹೇಳುವ ಅಧಿಕಾರ ನನಗಿದೆ ಎಂದುಕೊಂಡಿದ್ದೇನೆ. ಊಟಕ್ಕೆ ಕೂತರೆ ಸಾರು ಎಂಬ ಪದ ಯಾರ ಮನೆಯದು ಎಂದು ಶುರುಮಾಡುತ್ತಾರೆ, ಅಷ್ಟರಲ್ಲಿ ಸಾರು ತಣ್ಣಗಾಗುತ್ತದೆ. ಅಂಗಡಿಯಿಂದ ಬಂದು ಜೇಬಿಗೆ ಕೈ ಹಾಕಿ, ‘ಈ ಜೇಬು ಅನ್ನೋದು ಅರಬರದು ವೆಲಿಕಾ, ತುರ್ಕರ ಕೈಯಿಂದ ನಮಗೆ ಬಂತು’ ಎನ್ನುತ್ತಾರೆ. ಜೇಬಿನಲ್ಲಿ ಇರಬೇಕಾದ ಉಪ್ಪಿನ ಪೊಟ್ಟಣ ಅಂಗಡಿಯಲ್ಲೇ ಉಳಿದಿರುತ್ತದೆ. ಶಾಲೆಯಲ್ಲಿ ಭಾಷೆ ಕಲಿಸುವ ಮೇಷ್ಟ್ರಾಗಿದ್ದರು. ಈಗ ನಿವೃತ್ತರು, ಕಲಿಸುವುದಕ್ಕೆ ನಾನೊಬ್ಬಳೇ ಸಿಕ್ಕುತ್ತೇನೆ.

ನಮ್ಮ ಕಮೆನ್‌ದೋಲ್‌ನಲ್ಲಿ ಬೆಟ್ಟದ ಮೇಲಿನ ಕೇರಿ ತುರ್ಕರದು, ಕೆಳಗಿನದು ನಮ್ಮದು, ಬಲ್ಗೇರಿಯನ್ನರದು. ತಂಬಾಕಿನ ಎಲೆ ಪೋಣಿಸುವಾಗ ಮಾತ್ರ ಮೇಲಿನದು ಕೆಳಗಿನದು ಅಂತ ಇಲ್ಲ, ಎಲ್ಲರ ಬೆರಳೂ ಒಂದೇ ಥರ ಕಪ್ಪು. ಅಲಾಲ್ ಎಂಬ ಪದವೂ ಹಾಗೆ, ಎರಡೂ ಕೇರಿಯದು. ಪೇಟೆಯವರು ಹಲಾಲ್ ಎನ್ನುತ್ತಾರೆ, ನಮ್ಮ ಬೆಟ್ಟದವರ ಬಾಯಲ್ಲಿ ಹಕಾರ ನಿಲ್ಲುವುದಿಲ್ಲ. ‘ಕೊಟ್ಟದ್ದನ್ನು ಮನಸಾರೆ ಕೊಟ್ಟೆ, ಮಾಡಿದ್ದನ್ನು ಮನಸಾರೆ ಬಿಟ್ಟೆ, ಇನ್ನು ನಿನ್ನ ಮೇಲೆ ನನ್ನದೇನೂ ಬಾಕಿಯಿಲ್ಲ’ ಎಂಬ ಅಷ್ಟುದ್ದದ ಮಾತನ್ನು ನಾವು ಆ ಒಂದೇ ಪದದಲ್ಲಿ ಮುಗಿಸುತ್ತೇವೆ. ನನ್ನ ಅಜ್ಜಿ, ಗಂಟೆಗೊಮ್ಮೆ ಶಿಲುಬೆಯ ಗುರುತು ಹಾಕಿಕೊಳ್ಳುವಂಥವಳು, ಪಕ್ಕದ ಹುಡುಗರು ನಮ್ಮ ಪ್ಲಮ್ ಹಣ್ಣು ಕದ್ದರೆ ಬೈದು ಬೈದು ಸುಸ್ತಾಗಿ, ಕೊನೆಗೆ ‘ಅಲಾಲ್ ಆಗ್ಲಿ ಹಾಳಾದೋರಿಗೆ’ ಅನ್ನುತ್ತಿದ್ದಳು.

ತುರ್ಕರಲ್ಲಿ ಸತ್ತವರನ್ನು ಎತ್ತುವ ಮುಂಚೆಯೂ ಇದೇ ಪದ ಬೇಕು. ಶವವನ್ನು ಮಸೀದಿಯಂಗಳದ ಕಲ್ಲಿನ ಮೇಲಿಟ್ಟು, ನಮಾಜು ಮಾಡಿಸುವ ಹೋಜಾ ಜನರ ಕಡೆ ತಿರುಗಿ, ಈ ಜೀವ ಹೇಗಿತ್ತು, ಇದರ ಮೇಲೆ ನಿಮ್ಮದೇನಿದ್ದರೂ ಅಲಾಲ್ ಮಾಡುತ್ತೀರಾ ಎಂದು ಮೂರು ಸಲ ಕೇಳುತ್ತಾನೆ. ಮೂರು ಸಲವೂ ಜನ ‘ಅಲಾಲ್’ ಅನ್ನಬೇಕು. ಆಮೇಲೆಯೇ ಹೆಗಲು ಕೊಡುವುದು. ನಮ್ಮ ಕೇರಿಯ ಗಂಡಸರೂ ಟೋಪಿ ತೆಗೆದು ನಿಂತು ಅಲಾಲ್ ಅನ್ನುತ್ತಾರೆ. ಅನ್ನದೆ ಇದ್ದರೆ ಊರಲ್ಲಿ ಮುಖ ತೋರಿಸುವ ಹಾಗಿಲ್ಲ.

ಹಿಂದಿನ ಸರ್ಕಾರ ಒಂದು ಚಳಿಗಾಲದಲ್ಲಿ ತುರ್ಕರ ಹೆಸರನ್ನೆಲ್ಲ ಬದಲಿಸಿಬಿಟ್ಟಿತು. ಮನೆ ಮನೆಗೆ ಬಂದು, ನೀನು ಇನ್ನು ಇಂಥವನು ಎಂದು ಹೊಸ ಹೆಸರಿನ ಕಾಗದ ಕೈಗೆ ಕೊಟ್ಟರು. ಚಪ್ಪಡಿ ಕಲ್ಲಿನ ಛಾವಣಿ ಹೊದಿಸುತ್ತಿದ್ದ ಯುಮೆರ್ ರಾತ್ರಿ ಕಳೆಯುವುದರೊಳಗೆ ಯೂಲಿಯನ್ ಆದ. ಬೀದಿಯಲ್ಲಿ ತುರ್ಕಿ ಮಾತಾಡಿದರೆ ದಂಡ, ಮಸೀದಿಗೆ ಬೀಗ. ಅಂಥ ಹೊತ್ತಿನಲ್ಲಿ ಯುಮೆರನ ತಾಯಿ ತೀರಿಕೊಂಡಳು. ಹೋಜಾ ಹೆದರಿ ಪಕ್ಕದೂರಿಗೆ ಹೋಗಿ ಕೂತಿದ್ದ. ಯುಮೆರ್ ತಾನೇ ತನ್ನ ಮನೆಯಂಗಳದಲ್ಲಿ ಜನರ ಕಡೆ ತಿರುಗಿ, ಬಲ್ಗೇರಿಯನ್‌ನಲ್ಲೇ, ‘ನಮ್ಮಮ್ಮನಿಗೆ ಅಲಾಲ್ ಮಾಡ್ತೀರಾ?’ ಎಂದು ಮೂರು ಸಲ ಕೇಳಿದ. ಎಲ್ಲರೂ ಅಲಾಲ್ ಅಂದರು. ನನ್ನ ಗಂಡನೂ ಅಂದರು, ಎಲ್ಲರಿಗಿಂತ ಗಟ್ಟಿಯಾಗಿ. ಆ ಮುದುಕಿ ಅವರಿಗೆ ಚಿಕ್ಕಂದಿನಿಂದ ಮೊಸರು ರೊಟ್ಟಿ ಹಾಕಿ ಬೆಳೆಸಿದವಳು.

ಒಂದು ವಾರ ಕಳೆದಿರಬೇಕು, ಸಂಜೆ ಪ್ರೊದಾನ್ ಮದುಮಗನ ಹಾಗೆ ಮುಖ ಅರಳಿಸಿಕೊಂಡು ಬಂದರು.

“ವೆಲಿಕಾ, ಪಟ್ಟಣದಿಂದ ಸಾಹೇಬರೊಬ್ರು ಬಂದಿದ್ರು. ನನ್ನ ಕರೆಸಿದ್ರು. ಯಾತಕ್ಕೆ ಗೊತ್ತಾ? ಒಂದು ಪದದ ವಿಷಯಕ್ಕೆ!”

“ಅಯ್ಯೋ ದೇವರೆ. ಯಾವ ಪದ?”

“ಅಲಾಲ್. ಯುಮೆರ್ ಸತ್ತೋರ ಮುಂದೆ ನಿಂತು ತುರ್ಕಿ ಪ್ರಾರ್ಥನೆ ಮಾಡ್ದ ಅಂತ ಯಾರೋ ಊದಿದ್ದಾರೆ. ಅವನು, ‘ಇಲ್ಲ ಸ್ವಾಮಿ, ಅದು ಊರ ಮಾತು, ಬಲ್ಗೇರಿಯನ್ ಅಜ್ಜಿಯಂದಿರೂ ಅಂತಾರೆ, ಬೇಕಾದ್ರೆ ಮೇಷ್ಟ್ರನ್ನ ಕೇಳಿ’ ಅಂದಿದ್ದಾನೆ. ಅದಕ್ಕೇ ನನ್ನ ಕರೆಸಿದ್ದು.”

“ಸರಿ ಮತ್ತೆ. ಹೌದು ಊರ ಮಾತೇ ಅಂದ್ರಿ ತಾನೆ?”

“ಅದು ಅರ್ಧ ಸತ್ಯ ಕಣೆ. ನಾನು ಬುಡದಿಂದ ಹೇಳ್ದೆ. ಅರಬ್ಬಿಯಲ್ಲಿ ಗಂಟು ಬಿಚ್ಚೋದು ಅನ್ನೋ ಬೇರಿಂದ ಹುಟ್ಟಿದ್ದು. ಬಿಚ್ಚಿಟ್ಟದ್ದು ಅಂದ್ರೆ ಧರ್ಮ ತಡೆ ಹಾಕದ್ದು. ತುರ್ಕಿಯಲ್ಲಿ ಹೆಲಾಲ್ ಆಯ್ತು, ಅಲ್ಲಿಂದ ನಮಗೆ. ಸೆರ್ಬರು ಅದರಿಂದ ಶಭಾಷ್ ಅಂತಾರೆ, ರೊಮೇನಿಯದೋರು ಅದನ್ನೇ ಹಂಗಿಸೋಕೆ ಬಳಸ್ತಾರೆ, ಗ್ರೀಕರು ಹಲಾಲಿ ಅಂತಾರೆ. ದೂರದ ಕಜಕರು ಅದಾಲ್ ಅಂತ ತಿರುಚ್ಕೊಂಡು ಪ್ರಾಮಾಣಿಕನಿಗೆ ಹಾಗಂತಾರೆ. ಆದ್ರೆ ಸಾವಿನ ಮುಂದೆ ಕೇಳೋದಿದೆಯಲ್ಲ, ಅದು ಮಾತ್ರ ಶುದ್ಧ ಧಾರ್ಮಿಕ ಕ್ರಿಯೆ, ಅಂತ ಬಿಡಿಸಿ ಹೇಳ್ದೆ. ಸಾಹೇಬ್ರು ಬರ್ಕೊಂಡ್ರು ವೆಲಿಕಾ! ‘ನೀವು ಅಕಾಡೆಮಿಲಿ ಇರಬೇಕಾದೋರು’ ಅಂದ್ರು.”

ನಾನು ಬೀನ್ಸ್ ಸಾರು ಬಡಿಸುತ್ತಿದ್ದವಳು ಹಾಗೇ ನಿಂತೆ. “ಧಾರ್ಮಿಕ ಕ್ರಿಯೆ ಅಂತ ನೀವೇ ಅಂದ್ರಾ?”

“ಹೌದು, ಅದು...” ಅಷ್ಟಕ್ಕೇ ನಿಂತರು. ಮುಖದ ಕಳೆ ಇಳಿದುಹೋಯಿತು. ಇಷ್ಟು ಬುದ್ಧಿವಂತ ಮನುಷ್ಯನಿಗೆ, ತಾನು ಏನು ಹೇಳಿಬಂದೆ ಎನ್ನುವುದು ಹೆಂಡತಿಯ ಬಾಯಿಂದ ಕೇಳಿದ ಮೇಲೆ ತಿಳಿಯಿತು. ಎದ್ದು ಕೋಟು ಹಾಕಿಕೊಂಡರು. ಹೋಗಿ ಸರಿಪಡಿಸಿ ಬರುತ್ತೇನೆ, ಊರ ಮಾತೂ ಹೌದು ಅಂತ ಹೇಳಿ ಬರುತ್ತೇನೆ ಅಂದರು. ಆಮೇಲೆ ಕೋಟು ತೊಟ್ಟುಕೊಂಡೇ ಒಲೆಯ ಪಕ್ಕ ಕೂತರು. ಒಲೆ ಆರಿತು, ಅವರು ಕೋಟು ತೆಗೆದು ಮೊಳೆಗೆ ಹಾಕಿದರು.

ಮೇಷ್ಟ್ರ ಮಾತನ್ನೇ ಅವನ ಮುಂದೆ ಓದಿ, ಯುಮೆರನನ್ನು ಲಾರಿ ಹತ್ತಿಸಿ ದೇಶದ ಆ ಕೊನೆಯ ಯಾವುದೋ ಹಳ್ಳಿಗೆ ಗಡೀಪಾರು ಮಾಡಿದರು. ಎರಡು ವರ್ಷ ಅವನು ಅಲ್ಲಿ ಪರರ ಹಂದಿ ಕಾದನಂತೆ. ಅವನ ಹೆಂಡತಿ ಫಿಕ್ರಿಯೆ ಇಲ್ಲಿ ಒಬ್ಬಳೇ ತಂಬಾಕು ಬೆಳೆದಳು, ಮಗ ಎರ್ಜಾನನನ್ನು ಸಾಕಿದಳು. ಪ್ರೊದಾನ್ ಶಾಲೆಯಲ್ಲಿ ಆ ಹುಡುಗನಿಗೆ ಬೇಕೆಂದೇ ಹೆಚ್ಚು ಅಂಕ ಕೊಡುತ್ತಿದ್ದರು. ಹುಡುಗ ಅದು ಯಾಕೆಂದು ಬಲ್ಲ, ಮೇಷ್ಟ್ರ ಮುಖವನ್ನೇ ನೋಡುತ್ತಿರಲಿಲ್ಲ. ನನಗೋ ಮೇಲಿನ ಕೇರಿಗೆ ಹೋಗಲು ಕಾಲೇ ಬರುತ್ತಿರಲಿಲ್ಲ. ನೀರಿಗೆ ಹೋದಾಗ ಫಿಕ್ರಿಯೆ ಎದುರಾದರೆ ಬಿಂದಿಗೆ ತುಂಬುವ ಮೊದಲೇ ಎತ್ತಿಕೊಂಡು ಬಂದುಬಿಡುತ್ತಿದ್ದೆ. ಮೇಷ್ಟ್ರ ಹೆಂಡತಿ ಎನ್ನುವುದು ಅಲ್ಲಿಯವರೆಗೆ ನನಗೆ ಜಂಬದ ಮಾತಾಗಿತ್ತು.

ಯುಮೆರ್ ವಾಪಸ್ಸು ಬಂದ. ಸರ್ಕಾರ ಬಿತ್ತು, ಅವನ ಹೆಸರೂ ವಾಪಸ್ಸು ಬಂತು. ಬೇಕರಿಯ ಮುಂದೆ ಮೊದಲ ಸಲ ಎದುರಾದಾಗ, “ಹೇಗಿದ್ದೀರಿ ಮೇಷ್ಟ್ರೇ?” ಅಂದ, ಅಷ್ಟೆ. ಬೈಯಲಿಲ್ಲ, ಮುಖ ತಿರುಗಿಸಲಿಲ್ಲ. ಒಂದು ಸಲ ಕಪಾಳಕ್ಕೆ ಬಿಗಿದಿದ್ದರೆ ನಾವಿಬ್ಬರೂ ನೆಟ್ಟಗೆ ನಿದ್ದೆ ಮಾಡುತ್ತಿದ್ದೆವೋ ಏನೋ.

ಒಮ್ಮೆ ನಮ್ಮ ಛಾವಣಿ ಸೋರತೊಡಗಿತು. ಚಪ್ಪಡಿ ಕೂರಿಸಲು ಯುಮೆರನ ಕೈ ಬಿಟ್ಟರೆ ಆ ಸುತ್ತಿನಲ್ಲಿ ಬೇರೆ ಕೈಯಿಲ್ಲ. ಬೇರೆ ಊರಿಂದ ಯಾರನ್ನಾದರೂ ಕರೆಸೋಣ ಅಂತ ಇವರು, ಸುಮ್ಮನಿರಿ ಅಂತ ನಾನು. ನಾನೇ ಹೋಗಿ ಕರೆದೆ. ಬಂದ, ಬೆಳಗ್ಗಿಂದ ಮೇಲೆ ಹತ್ತಿ ಕಲ್ಲು ಸರಿಸುತ್ತಿದ್ದ. ಇವರು ಏಣಿ ಹಿಡಿದುಕೊಂಡು ಕೆಳಗೆ. ಮಧ್ಯಾಹ್ನ ಊಟಕ್ಕಿಟ್ಟೆ. ಉಂಡು ಕೈ ಒರೆಸಿಕೊಂಡು ಯುಮೆರ್ ನನ್ನ ಕಡೆ ನೋಡಿ, “ವೆಲಿಕಾ, ತಿಂದದ್ದಕ್ಕೆ ಅಲಾಲ್ ಮಾಡಿ” ಅಂದ. ಊಟವಾದ ಮೇಲೆ ಹಾಗೆ ಕೇಳುವುದು ಅವರ ಪದ್ಧತಿ. “ಅಲಾಲ್, ನೂರು ಸಲ ಅಲಾಲ್” ಅಂದೆ. ಅಂದು ಗಂಡನನ್ನು ಕಣ್ಣಲ್ಲೇ ತಿವಿದೆ. ಇದಕ್ಕಿಂತ ಒಳ್ಳೆಯ ಹೊತ್ತು ಇನ್ನು ಬರುತ್ತದಾ? ಪದವನ್ನು ಅವನೇ ಮೇಜಿನ ಮೇಲೆ ಇಟ್ಟಿದ್ದಾನೆ. ಎತ್ತಿಕೊಳ್ಳಬೇಕು ಅಷ್ಟೆ.

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. “ಯುಮೆರ್...”

“ಹೇಳಿ ಮೇಷ್ಟ್ರೇ.”

“ಗ್ರೀಕರಲ್ಲೂ ಇದೇ ಪದ ಇದೆ ಗೊತ್ತಾ? ಹಲಾಲಿ ಸು ಅಂತಾರೆ.”

“ಹೌದಾ?” ಅಂದ ಯುಮೆರ್. ಸ್ವಲ್ಪ ಹೊತ್ತು ಕಾದ. ಆಮೇಲೆ ಎದ್ದು ಏಣಿ ಹತ್ತಿದ. ಅವತ್ತು ಸಂಜೆ ನಾನು ಇವರಿಗೆ ಮಾಡಿದ ಮಂಗಳಾರತಿ ಕೆಳಗಿನ ಕೇರಿಯವರಿಗೆಲ್ಲ ಕೇಳಿಸಿರಬೇಕು.

ವರ್ಷಗಳು ಹಾಗೇ ಹೋದವು. ಪ್ರೊದಾನ್ ಕೇಳುವ ಬದಲು ಓದಿದರು. ಎಲ್ಲೆಲ್ಲಿಂದಲೋ ನಿಘಂಟು ತರಿಸಿದರು. ಅಲ್ಬೇನಿಯದಲ್ಲಿ ಹೀಗೆ, ಬೋಸ್ನಿಯದಲ್ಲಿ ಹೀಗೆ, ಮ್ಯಾಸಿಡೋನಿಯದಲ್ಲಿ ಹಕಾರ ಬಿದ್ದಿದೆ, ಇನ್ನೊಂದು ಕಡೆ ನಿಂತಿದೆ. ಹೊಸದೊಂದು ಸಿಕ್ಕಿದ ಕೂಡಲೇ ಮೇಲಿನ ಕೇರಿಗೆ ಹೋಗಿ ಯುಮೆರನಿಗೆ ಹೇಳಿ ಬರುವರು. ಮೊದಮೊದಲು ನನಗೆ ಇದು ಹುಚ್ಚು ಅನ್ನಿಸುತ್ತಿತ್ತು. ಆಮೇಲೆ ಅರ್ಥವಾಯಿತು, ಬಾಗಿಲ ತನಕ ಹೋಗುವುದಕ್ಕೆ ಅವರಿಗೊಂದು ನೆಪ ಬೇಕಿತ್ತು. ಒಳಗೆ ಹೋಗುವ ಧೈರ್ಯ ಮಾತ್ರ ಯಾವ ನಿಘಂಟಿನಲ್ಲೂ ಸಿಗಲಿಲ್ಲ.

ಹೋದ ವಸಂತದಲ್ಲಿ ಯುಮೆರ್ ಹಾಸಿಗೆ ಹಿಡಿದ. ಶ್ವಾಸಕೋಶ ಹೋಗಿದೆ, ಇನ್ನು ಹೆಚ್ಚು ದಿನವಿಲ್ಲ ಎಂದು ಊರೆಲ್ಲ ಮಾತಾಯಿತು. ನಾನು ಇವರ ಟೋಪಿ ತಂದು ಕೈಗೆ ಕೊಟ್ಟೆ.

“ನೋಡಿ, ಇವತ್ತು ಬೇರೆ ಯಾವ ಮಾತೂ ಬೇಡ. ‘ಯುಮೆರ್, ನಿನ್ನ ಗಡೀಪಾರು ಮಾಡಿಸಿದ್ದು ನನ್ನ ನಾಲಿಗೆ, ಅಲಾಲ್ ಮಾಡು.’ ಇಷ್ಟೇ. ಹೇಳಿ ನೋಡೋಣ.”

“ನಾನೇನು ಒಂದನೇ ಕ್ಲಾಸಾ?”

“ಅದಕ್ಕಿಂತ ಕಡೆ. ಹೇಳಿ.”

ಹೇಳಿದರು, ಒಂದು ಅಕ್ಷರ ತಪ್ಪದ ಹಾಗೆ. ನನಗೆ ಸಮಾಧಾನವಾಯಿತು. ಹೋದರು. ಕತ್ತಲಾಗುವ ಮುಂಚೆ ಬಂದರು. ಟೋಪಿ ತೆಗೆಯದೆ ಬೆಂಚಿನ ಮೇಲೆ ಕೂತರು.

“ಕೇಳಿದ್ರಾ?”

“ಮಾತಾಡಿದ್ವಿ.”

“ಏನು ಮಾತಾಡಿದ್ರಿ?”

“ವೋಲ್ಗಾ ಕಡೆಯ ತಾತಾರರು ಕಟ್ಟಿಕೊಂಡ ಹೆಂಡತೀನ ಹಲಾಲ್ ಅಂತಾರೆ ಅಂದೆ. ನಕ್ಕ. ನಕ್ಕು ಕೆಮ್ಮು ಬಂತು. ಆಮೇಲೆ ಕೇಳ್ದ, ‘ಇನ್ನೇನಾದ್ರೂ ಇತ್ತಾ ಮೇಷ್ಟ್ರೇ?’ ಅಂತ.”

“ನೀವೇನಂದ್ರಿ?”

“ಇಲ್ಲ ಅಂದೆ.”

ನನಗೆ ಬೈಯಲೂ ಆಗಲಿಲ್ಲ. ಅವರ ಮುಖ ನೋಡಿದರೆ ಬೈಗುಳ ಅದಕ್ಕೆ ಕಮ್ಮಿ ಅನ್ನಿಸುತ್ತಿತ್ತು. ನಾಳೆ ಮತ್ತೆ ಹೋಗುತ್ತೇನೆ ಅಂದರು. ಬೆಳಗಿನ ಜಾವ ಮೇಲಿನ ಕೇರಿಯಿಂದ ಅಳು ಕೇಳಿಸಿತು.

ಮಸೀದಿಯಂಗಳದಲ್ಲಿ ಎರಡೂ ಕೇರಿ ಸೇರಿತ್ತು. ಹೆಂಗಸರು ನಾವು ಮೋಟು ಗೋಡೆಯ ಈಚೆ, ಮಲ್‌ಬೆರಿ ಮರದ ಕೆಳಗೆ. ಪ್ರೊದಾನ್ ಮೊದಲ ಸಾಲಿನಲ್ಲಿ ನಿಂತಿದ್ದರು, ವಯಸ್ಸಾದವರಿಗೆ, ಮೇಷ್ಟ್ರಿಗೆ ಅಲ್ಲೇ ಜಾಗ. ಈಗಿನ ಹೋಜಾ ಇವರ ಹಳೇ ಶಿಷ್ಯ. ಪಾಠ ಒಪ್ಪಿಸುವಾಗ ಯಾರ ತುಟಿ ಅಲುಗುತ್ತಿಲ್ಲ ಅಂತ ನೋಡುವುದನ್ನು ಇವರಿಂದಲೇ ಕಲಿತವನು.

“ಯುಮೆರ್ ಎಂಥ ಮನುಷ್ಯ?”

“ಒಳ್ಳೇ ಮನುಷ್ಯ!”

“ಇವನ ಮೇಲೆ ನಿಮ್ಮದೇನಿದ್ದರೂ ಅಲಾಲ್ ಮಾಡ್ತೀರಾ?”

“ಅಲಾಲ್!”

ಅಷ್ಟು ಗಂಡಸರ ಧ್ವನಿಯಲ್ಲಿ ನನ್ನ ಗಂಡನ ಧ್ವನಿ ಇರಲಿಲ್ಲ. ಆ ಧ್ವನಿ ನನಗೆ ಗೊತ್ತಿಲ್ಲವೇ? ಹೋಜಾನೂ ಗಮನಿಸಿದ. ಎರಡನೇ ಸಲ ಕೇಳುವಾಗ ನೇರ ಇವರ ಕಡೆ ನೋಡಿಯೇ ಕೇಳಿದ. ಜನ ಅಲಾಲ್ ಅಂದರು. ಇವರು ತಲೆ ತಗ್ಗಿಸಿಕೊಂಡು ನಿಂತಿದ್ದರು, ತುಟಿ ಬಿಗಿದಿತ್ತು.

ಅವರ ಮನಸ್ಸಿನಲ್ಲಿ ಏನಿತ್ತು ಅಂತ ನನಗೆ ಆ ಗಳಿಗೆಯೇ ಹೊಳೆಯಿತು. ಅನ್ಯಾಯ ಮಾಡಿದವನು ನಾನು, ಅನ್ಯಾಯ ಅನುಭವಿಸಿದವನಿಗೆ ನಾನು ಕ್ಷಮೆ ಕೊಡುವುದೇ? ಯಾವ ಬಾಯಲ್ಲಿ? ಅದು ಸರಿಯಾದ ನಾಚಿಕೆಯೇ. ಆದರೆ ಜಾಗ ತಪ್ಪು. ಆ ಅಂಗಳದಲ್ಲಿ ಬಾಯಿ ಮುಚ್ಚಿ ನಿಂತವನಿಗೆ ಒಂದೇ ಅರ್ಥ. ಸತ್ತವನು ನನಗೆ ಬಾಕಿ ಉಳಿಸಿ ಹೋಗಿದ್ದಾನೆ, ನಾನು ಬಿಡುವುದಿಲ್ಲ ಎಂದು. ನೂರು ಊರಿನ ಅರ್ಥ ಗೊತ್ತಿರುವ ಮನುಷ್ಯ ತನ್ನ ಊರಿನದನ್ನು ಮರೆತು ನಿಂತಿದ್ದರು.

ನನ್ನ ಪಕ್ಕದಲ್ಲಿ ಗುಸುಗುಸು ಶುರುವಾಯಿತು.

“ಮೇಷ್ಟ್ರಿಗೆ ಯುಮೆರ್ ಏನು ಕೊಡೋದಿತ್ತೇ?”

“ಛಾವಣಿ ಮತ್ತೆ ಸೋರ್ತಿರಬೇಕು.”

“ಅದಕ್ಕೆ ಹೆಣ ತಡೀತಾರಾ? ಥೂ, ಓದಿದೋರ ಹಣೆಬರಹವೇ!”

ನನಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಶವದ ತಲೆಯ ಹತ್ತಿರ ನಿಂತಿದ್ದ ಎರ್ಜಾನ್ ಇವರ ಮುಂದೆ ಬಂದ. ಈಗ ಅವನಿಗೂ ಕಿವಿಯ ಹತ್ತಿರ ನರೆ ಬಂದಿದೆ.

“ಮೇಷ್ಟ್ರೇ, ನಮ್ಮಪ್ಪ ನಿಮಗೇನಾದ್ರೂ ಕೊಡಬೇಕಿತ್ತಾ? ಇದ್ರೆ ಹೇಳಿ, ನಾನು ತೀರಿಸ್ತೀನಿ.”

“ಇಲ್ಲಪ್ಪ, ಹಾಗಲ್ಲ. ಅಲಾಲ್ ಮಾಡೋ ಯೋಗ್ಯತೆ ನನಗಿಲ್ಲ. ಅವನು ನನಗೆ ಮಾಡಬೇಕಿತ್ತು. ನಾನು ಅವತ್ತು ಆ ಸಾಹೇಬನ ಮುಂದೆ... ಆ ಪದ ಇದೆಯಲ್ಲ, ಅದು ಮೂಲದಲ್ಲಿ...”

ಬೇಡ, ದಯವಿಟ್ಟು ಬೇಡ ಅಂತ ನಾನು ಗೋಡೆ ಹಿಡಿದುಕೊಂಡೆ.

“ಮೇಷ್ಟ್ರೇ,” ಅಂದ ಎರ್ಜಾನ್. ಧ್ವನಿ ಏರಿಸಲಿಲ್ಲ. “ಬಿಸಿಲು ಏರ್ತಾ ಇದೆ. ಇವತ್ತು ನಮ್ಮಪ್ಪಂದು ದಿನ, ನಿಮ್ದಲ್ಲ. ಒಂದು ಮಾತು ಅಂದ್ಬಿಡಿ, ಎತ್ತೋಣ.”

ಪ್ರೊದಾನ್ ಶವದ ಕಡೆ ನೋಡಿದರು. “ಅಲಾಲ್” ಅಂದರು. ಹೋಜಾ ಮೂರನೇ ಸಲ ಕೇಳಿದ, ಇವರೂ ಎಲ್ಲರ ಜೊತೆ ಅಂದರು. ಯುಮೆರನನ್ನು ಎತ್ತಿದರು. ಹೆಗಲು ಕೊಡಲು ಗಂಡಸರು ಒಬ್ಬರ ಹಿಂದೆ ಒಬ್ಬರು ನುಗ್ಗಿದರು. ಇವರು ಮುಂದೆ ಹೋಗಲಿಲ್ಲ, ಯಾರೂ ಬನ್ನಿ ಅಂತ ಕರೆಯಲೂ ಇಲ್ಲ.

ಮಣ್ಣು ಮಾಡಿ ಬಂದ ಮೇಲೆ ಫಿಕ್ರಿಯೆಯ ಅಂಗಳದಲ್ಲಿ ಹಲ್ವ ಹಂಚುತ್ತಿದ್ದರು. ಬೆಣ್ಣೆಯಲ್ಲಿ ಹಿಟ್ಟು ಹುರಿದು ಮಾಡುವ ಹಲ್ವ, ಸತ್ತವರ ಹೆಸರಿನಲ್ಲಿ ಬಂದವರಿಗೆಲ್ಲ ಕೊಡಬೇಕು. ಮನೆಗೆ ಹೋಗೋಣ ಎಂದು ನಾನು ಇವರ ತೋಳು ಹಿಡಿದೆ. ಬಿಡಿಸಿಕೊಂಡರು. ಟೋಪಿ ತೆಗೆದು ಕೈಯಲ್ಲಿ ಹಿಡಿದು ಜನರ ನಡುವೆ ನಡೆದು ಫಿಕ್ರಿಯೆಯ ಮುಂದೆ ನಿಂತರು. ನಾನು ಹಿಂದೆಯೇ ಹೋದೆ, ಇನ್ನೇನು ಹೇಳಿಬಿಡುತ್ತಾರೋ ಅನ್ನುವ ಭಯಕ್ಕೆ.

“ಫಿಕ್ರಿಯೆ, ಯುಮೆರನ್ನ ಗಡೀಪಾರು ಮಾಡಿಸಿದ್ದು ನನ್ನ ನಾಲಿಗೆ. ಅಲಾಲ್ ಮಾಡಿ.”

ಅಷ್ಟೇ ಹೇಳಿದರು. ಮುಂದೆ ಒಂದು ಅಕ್ಷರ ಇಲ್ಲ.

ಫಿಕ್ರಿಯೆ ಕೈಯಲ್ಲಿದ್ದ ಸೌಟನ್ನು ಪಾತ್ರೆಯ ಅಂಚಿಗೆ ಒರಗಿಸಿದಳು. ಅತ್ತು ಅತ್ತು ಕಣ್ಣು ಊದಿದ್ದವು, ಆದರೆ ಈಗ ಅಳುತ್ತಿರಲಿಲ್ಲ.

“ನೀವು ಮನೆಗೆ ಬಂದಾಗೆಲ್ಲ ಅವರು ನನ್ನ ಆಚೆ ಕಳಿಸೋರು, ಗೊತ್ತಾ ಮೇಷ್ಟ್ರೇ? ಹೋಗಿ ಕೋಳಿ ನೋಡು, ಹೋಗಿ ಸೌದೆ ತಾ, ಅಂತ. ‘ಮೇಷ್ಟ್ರು ಇವತ್ತು ಕೇಳ್ತಾರೇನೋ, ನೀನಿದ್ರೆ ನಾಚ್ಕೋತಾರೆ’ ಅನ್ನೋರು. ಚಳೀಲಿ, ಮಳೇಲಿ, ನಾನು ಕೊಟ್ಟಿಗೇಲಿ ನಿಂತಿರ್ತಿದ್ದೆ. ನೀವು ಹೋದ ಮೇಲೆ ಒಳಗೆ ಬಂದು ಕೇಳಿದ್ರಾ ಅಂದ್ರೆ, ‘ಇಲ್ಲ, ಪಾಪ, ಇನ್ನೊಂದು ದೇಶದ ಪದ ತಂದಿದ್ರು’ ಅನ್ನೋರು. ನಿನ್ನೆಯೂ ಕಳಿಸಿದ್ರು. ಅದೇ ಕೊನೆ.”

ನಾನು ಇವರ ಕೈಯಲ್ಲಿದ್ದ ಟೋಪಿಯನ್ನೇ ನೋಡುತ್ತಿದ್ದೆ, ಫಿಕ್ರಿಯೆಯ ಮುಖ ನೋಡುವ ಶಕ್ತಿ ನನಗಿರಲಿಲ್ಲ. ಇವರಿಗೆ ಬುದ್ಧಿ ಹೇಳಿ ಹೇಳಿ ಕಳಿಸುತ್ತಿದ್ದ ನಾನು ಒಂದು ದಿನವಾದರೂ ಜೊತೆಗೆ ಬಂದು ಆ ಕೊಟ್ಟಿಗೆಯ ಬಾಗಿಲು ನೋಡಲಿಲ್ಲ.

“ಅವರ ಅಲಾಲ್ ಅವರ ಜೊತೆ ಹೋಯ್ತು,” ಅಂದಳು ಫಿಕ್ರಿಯೆ. “ನನ್ನದು ಕೇಳ್ತಿದ್ದೀರಿ. ಕೇಳೋದಕ್ಕೆ ನೀವು ಇಪ್ಪತ್ತು ವರ್ಷ ತಗೊಂಡ್ರಿ. ಕೊಡೋದಕ್ಕೆ ನನಗೂ ಒಂದಿಷ್ಟು ಟೈಮ್ ಬೇಡ್ವಾ?”

ಸೌಟು ತೆಗೆದುಕೊಂಡು ತಟ್ಟೆಗೆ ಹಲ್ವ ಹಾಕಿ ಇವರ ಕೈಗೆ ಕೊಟ್ಟಳು. “ತಿನ್ನಿ, ಸತ್ತೋರ ಹೆಸರಿಂದು ಬೇಡ ಅನ್ನಬಾರದು” ಅಂದು ಪಕ್ಕದವರ ಕಡೆ ತಿರುಗಿದಳು.

ಕೂರಲು ಯಾರೂ ಜಾಗ ಮಾಡಿಕೊಡಲಿಲ್ಲ. ಮೇಷ್ಟ್ರು ಟೋಪಿಯನ್ನು ಕಂಕುಳಲ್ಲಿ ಅವುಚಿಕೊಂಡು, ಅಂಗಳದ ನಡುವೆ ನಿಂತುಕೊಂಡೇ, ಎರಡೂ ಕೇರಿಯ ಕಣ್ಣ ಮುಂದೆ ತಟ್ಟೆ ಖಾಲಿಯಾಗುವವರೆಗೂ ತಿಂದರು.